ಇವರು ಅಂದರೆ ಯಾರು

10 ಸೆಪ್ಟೆಂಬರ್ 1973, ಸೋಮವಾರ
ದೊಡ್ಡಬಳ್ಳಾಪುರ

ಮಗು ಈಗ ಮಲಗಿದೆ. ನನಗೆ ನಿದ್ದೆ ಬರುವುದಿಲ್ಲವೆಂದು ಗೊತ್ತು, ಪ್ರಯತ್ನವನ್ನೂ ಮಾಡಲಿಲ್ಲ. ಬಿ.ಎ. ಎರಡನೇ ವರ್ಷದ ಚರಿತ್ರೆ ನೋಟ್ಸು ಟ್ರಂಕಿನ ತಳದಲ್ಲಿ ಸಿಕ್ಕಿತು. ಅದರ ಹಿಂದಿನ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಎಲ್ಲಿಯಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆದುಹೋಗುತ್ತದೆ.

ಬೆಳಿಗ್ಗೆ ಮಾರಾಟ ತೆರಿಗೆ ಆಫೀಸಿನ ಜವಾನ ಬಂದಿದ್ದ. "ಮುತ್ಯಾಲಮ್ಮ ಅಂದ್ರೆ ನೀವೇನಮ್ಮ? ಓನರ್ರು?" ಅಂದ. ಇನ್ಯಾರೋ ಮುತ್ಯಾಲಮ್ಮ ಇದ್ದಾಳೇನೋ ಎಂಬಂತೆ ಹಿಂದೆ ತಿರುಗಿ ನೋಡಿದೆ. ನೋಟೀಸು ಕೊಟ್ಟು ಸಹಿ ಹಾಕಿಸಿಕೊಂಡು ಹೋದ. ಸಹಿ ಹಾಕುವುದರಲ್ಲಿ ನನ್ನ ಕೈ ಎಂದೂ ಹಿಂದೆ ಬಿದ್ದಿಲ್ಲ.

ಮದುವೆಯಾದ ಮರುವರ್ಷ ಇವರು ಪೇಟೆಯಲ್ಲಿ ಆರ್ಟ್ ಸಿಲ್ಕ್ ನೂಲಿನ ಅಂಗಡಿ ತೆರೆದರು. ಮಗ್ಗದವರಿಗೆ ನೂಲು ಮಾರುವುದು. ಅಂಗಡಿ ನನ್ನ ಹೆಸರಿನಲ್ಲಿ. "ಹೆಂಗಸರ ಹೆಸರು ಲಕ್ಷ್ಮಿ ಕಣೇ, ಕೈಗೂಡ್ತದೆ" ಅಂದಿದ್ದರು. ಬಿ.ಎ. ಹುಡುಗಿಯ ಸಹಿ ಎಂದು ಸ್ನೇಹಿತರಿಗೆಲ್ಲ ತೋರಿಸಿದ್ದರು. ನನಗೂ ಹೆಮ್ಮೆಯಾಗಿತ್ತು. ಇಟ್ಟ ಕಾಗದಕ್ಕೆಲ್ಲ ಸಹಿ ಹಾಕಿದೆ, ಖಾಲಿ ಇದ್ದವುಗಳಿಗೂ. ಆ ಅಂಗಡಿಯೊಳಗೆ ನಾನು ಕಾಲಿಟ್ಟಿರುವುದು ಪೂಜೆಯ ದಿನ ಮಾತ್ರ.

ಅದರ ತೆರಿಗೆ ಇಷ್ಟು ವರ್ಷ ಕಟ್ಟಿಯೇ ಇಲ್ಲವಂತೆ. ದಂಡವೂ ಸೇರಿ ಎಷ್ಟಾಗಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಇನ್ನೂ ದೊಡ್ಡದಾದೀತು ಅನ್ನಿಸುತ್ತದೆ. ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸದಿದ್ದರೆ ಮಾಲೀಕಳ ಸ್ವತ್ತು ಜಪ್ತಿ, ಹರಾಜು. ಸ್ವತ್ತು ಎಂದರೆ ಈ ಮನೆ. ನಮ್ಮಪ್ಪ ರಾಮಾಂಜಿನಪ್ಪನವರು ಸಾಯುವ ಮುಂಚೆ ನನ್ನ ಹೆಸರಿಗೆ ಬರೆದ ಎರಡು ಕೋಣೆ, ಒಂದು ಪಡಸಾಲೆ.

ಸಕ್ಕರೆ ಡಬ್ಬಿ ಇಡುವ ಬೀರುವಿನ ಕೀಲಿಯೂ ನನ್ನ ಹತ್ತಿರ ಇಲ್ಲ. ನಾನು ಮಾಲೀಕಳಂತೆ.

12 ಸೆಪ್ಟೆಂಬರ್, ಬುಧವಾರ

ನಿನ್ನೆ ಇಡೀ ದಿನ ನೋಟೀಸನ್ನು ಅಕ್ಕಿ ಮೊರದ ಕೆಳಗೆ ಇಟ್ಟಿದ್ದೆ. ಇವತ್ತು ಊಟ ಬಡಿಸಿ, ಇವರು ಮಜ್ಜಿಗೆಗೆ ಬಂದಾಗ ಎದುರಿಗೆ ಇಟ್ಟೆ. ಎಡಗೈಯಲ್ಲಿ ಎತ್ತಿ ಓದಿದರು. ಬೈಯುತ್ತಾರೆ ಎಂದು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಬೈಯಲಿಲ್ಲ. ಇವರು ದನಿ ಎತ್ತುವವರಲ್ಲ. ಅದೇ ನನಗೆ ಹೆದರಿಕೆ.

"ಬಂತಾ? ಬರ್ತದೆ ಅಂತ ಗೊತ್ತಿತ್ತು."

"ಏನು ಮಾಡೋದು?"

"ಏನೂ ಮಾಡ್ಬೇಡ. ಸುಮ್ನಿರು. ಮನೆ ಹೋದ್ರೆ ಹೋಗ್ಲಿ. ನೀನು ಮಗು ನಂದಗುಡೀಲಿ ನಮ್ಮವ್ವನ ಹತ್ರ ಇದ್ರಾಯ್ತು. ನಾನು ಇಲ್ಲಿ ಅಂಗಡೀಲೇ ಮಲಗ್ತೀನಿ."

"ಇದು ಅಪ್ಪ ಕೊಟ್ಟ ಮನೆ."

"ಓದ್ಕೊಂಡೇ ಸಹಿ ಹಾಕ್ದೆ ಅಲ್ವಾ? ಬಿ.ಎ. ಅಲ್ವಾ ನೀನು?" ನಗುತ್ತಲೇ ಕೈ ತೊಳೆದು ಎದ್ದರು.

ನಂದಗುಡಿಗೆ ಹೋದರೆ ವಾಪಸು ಬರಲಾರೆ. ಹೋದ ವರ್ಷ ಬಾಣಂತನಕ್ಕೆ ಹೋದವಳಿಗೆ ಸ್ವಂತ ಮಗುವನ್ನು ಎತ್ತಿಕೊಳ್ಳುವುದಕ್ಕೂ ಅತ್ತೆಯನ್ನು ಕೇಳಬೇಕಾಗಿತ್ತು. ಈ ಮನೆ ಇದೆ, ಇಲ್ಲಿ ಇರುತ್ತೇನೆ ಎಂದು ಹಟ ಹಿಡಿದು ಬಂದಿದ್ದೆ. ಈ ಮನೆಯೇ ಇಲ್ಲದಿದ್ದರೆ ಯಾವ ನೆಲದ ಮೇಲೆ ನಿಂತು ಹಟ ಹಿಡಿಯಲಿ?

15 ಸೆಪ್ಟೆಂಬರ್, ಶನಿವಾರ

ಬೆಳಿಗ್ಗೆ ಬೀರು ತೆಗೆದು ದಿನದ್ದು ಅಳೆದು ಕೊಟ್ಟರು. ಅಕ್ಕಿ, ಬೇಳೆ, ಮಗುವಿನ ಹಾಲಿಗೆ ಸಕ್ಕರೆ. ಸಕ್ಕರೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ಡಬ್ಬಿ ಮುಚ್ಚಿದರು. ಅಪ್ಪಿತಪ್ಪಿ ಬೀಗ ಹಾಕುವುದು ಮರೆತರೂ ಗೆರೆ ಅಳಿಸಿದೆಯೋ ಇಲ್ಲವೋ ನೋಡುತ್ತಾರೆ.

ಹೈಸ್ಕೂಲಿನಲ್ಲಿ ಟೀಚರ್ ಕೆಲಸಕ್ಕೆ ಕರೆ ಬಂದಾಗ, "ಸಂಬಳ ನಾನೇ ಹೋಗಿ ಈಸ್ಕೋತೀನಿ, ಹೆಡ್ಮಾಸ್ಟರಿಗೆ ಹೇಳು" ಅಂದಿದ್ದರು. ಹೆಡ್ಮಾಸ್ಟರು ಒಪ್ಪಲಿಲ್ಲ. ಕೆಲಸಕ್ಕೆ ಹೋಗುವುದು ಬೇಡವೆಂದಾಯಿತು.

ಗೋವಿಂದ ಗೋವಿಂದ ಎಂದು ಪಟಕ್ಕೆ ದೀಪ ಹಚ್ಚಿದೆ. ಆ ಏಳು ಬೆಟ್ಟದ ಸ್ವಾಮಿಯ ಹೆಸರೇ ಇವರಿಗೂ ಇಟ್ಟಿರುವುದರಿಂದ ಮದುವೆಯಾದಾಗಿನಿಂದ ದೇವರ ಪೂರ್ತಿ ಹೆಸರನ್ನೂ ಹೇಳುವಂತಿಲ್ಲ. ಬೆಟ್ಟದಪ್ಪ ಅನ್ನುತ್ತೇನೆ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ನಂಬುತ್ತೇನೆಂದಲ್ಲ. ಆದರೂ.

19 ಸೆಪ್ಟೆಂಬರ್, ಬುಧವಾರ

ಪಕ್ಕದ ಮನೆಯ ದಿಲ್ಶಾದ್‌ಗೆ ಹೇಳಿಬಿಟ್ಟೆ. ಹೇಳಬಾರದಾಗಿತ್ತೇನೋ. ಅವಳು ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಾಳೆ. ರಾಟೆ ನಿಲ್ಲಿಸದೆ, ದಾರದ ಮೇಲಿನ ಕಣ್ಣು ತೆಗೆಯದೆ ಕೇಳಿಸಿಕೊಂಡಳು.

"ಅರೆ ಅಕ್ಕಾ, ಇಷ್ಟೇನಾ? ನೀನು ರಾತ್ರಿಯೆಲ್ಲಾ ಓಡಾಡ್ತೀಯಲ್ಲ, ನಾನು ಮಗೂಗೆ ಏನೋ ಕಾಯಿಲೆ ಅಂದ್ಕೊಂಡಿದ್ದೆ."

"ಇಷ್ಟೇನಾ ಅಂತೀಯಲ್ಲೇ! ಮನೆ ಹೋಗ್ತದೆ!"

"ನಮ್ ಚಾಂದ್ ಪಾಷಾ ಭಾಯ್ದು ಮಗ್ಗಾನೂ ಹೋಗ್ತಿತ್ತು. ಅನುಸೂಯಮ್ಮ ಅಂತ ಒಬ್ರು ಬೆಂಗಳೂರಿಂದ ಬರ್ತಾರೆ. ತೆರಿಗೆ ಕೇಸು ನೋಡೋರು, ಅವರೇ ಉಳಿಸ್ಕೊಟ್ರು. ಗುರುವಾರ ಮಹಿಳಾ ಸಮಾಜದಲ್ಲಿ ಕೂತ್ಕೋತಾರೆ, ಪುಕ್ಕಟೆ. ಬಾಯಿ ಮಾತ್ರ ಜೋರು, ತಡ್ಕೋಬೇಕು."

"ಇವರಿಗೆ ಗೊತ್ತಾದರೆ?"

"ಹೊಲಿಗೆ ಕ್ಲಾಸಿಗೆ ಹೋಗಿದ್ದೆ ಅನ್ನು. ಮಗೂನ ನಾನು ಇಟ್ಕೋತೀನಿ." ಆಮೇಲೆ ತಲೆ ಎತ್ತಿ ನೋಡಿದಳು. "ಒಂದು ರವಿಕೆ ಬಟ್ಟೆ ಹಿಡ್ಕೊಂಡ್ಹೋಗಕ್ಕಾ. ಸುಳ್ಳು ಹೇಳೋಕೂ ಸಾಮಾನು ಬೇಕು."

20 ಸೆಪ್ಟೆಂಬರ್, ಗುರುವಾರ

ಹೋಗಿಬಂದೆ. ಬೀದಿಯಲ್ಲಿ ಎದುರಿಗೆ ಬಂದವರೆಲ್ಲ ಇವರ ಸ್ನೇಹಿತರ ಹಾಗೆಯೇ ಕಂಡರು.

ಹೊಲಿಗೆ ಯಂತ್ರಗಳ ಹಿಂದಿನ ಕೋಣೆ. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಮೇಜಿನ ಮೇಲೆ ಹುರಿದ ಕಡಲೆಕಾಯಿ. ನಾನು ಹೇಳಿದ್ದು ನನಗೇ ಕೇಳಿಸುವಷ್ಟಿರಲಿಲ್ಲ.

"ಜೋರಾಗಿ ಹೇಳು ತಾಯಿ. ಎಡಗಿವಿ ಪೂರ್ತಿ ಹೋಗ್ಬಿಟ್ಟದೆ, ಬಲಗಿವಿ ಅರ್ಧ ಕೆಲಸ ಮಾಡ್ತದೆ. ನಮ್ಮ ಪಾಪಯ್ಯ ಇದ್ದಾಗ ಅವರು ಕೇಳಿಸ್ಕೊಂಡು ನನಗೆ ಕೂಗಿ ಹೇಳೋರು."

"ಪಾಪಯ್ಯ ಅಂದರೆ...?"

"ನನ್ ಗಂಡ. ತೆರಿಗೆ ಕೆಲಸ ಕಲಿಸಿದ್ದೂ ಅವರೇ. ಪರೀಕ್ಷೆ ಕಟ್ಟಿಸಿದರು. ನಾನು ಪಾಸಾದ ವರ್ಷ ತೀರ್ಕೊಂಡ್ರು."

ಗಂಡನ ಹೆಸರನ್ನು ಸೊಪ್ಪಿನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳಿದರು. ಹೀಗೆ ಹೇಳಿದ್ದಕ್ಕೇ ಹೋದರೇನೋ ಎಂದು ಒಂದು ಕ್ಷಣ ಅನ್ನಿಸಿತು. ಬಿ.ಎ. ಓದಿದವಳು ನಾನು.

ಫೀಸಿನ ಮಾತೆತ್ತಿದೆ. "ಗುರುವಾರ ಫೀಸಿಲ್ಲ. ಉಳಿದ ದಿನ ಮಿಲ್ಲಿನೋರ ಹತ್ರ ಗುರುವಾರದ್ದೂ ಸೇರಿಸಿ ಈಸ್ಕೋತೀನಿ. ಕೂತ್ಕೊ. ಕಾಯಿ ತಿನ್ನು." ನೋಟೀಸು ಓದಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಬೇಸಿಗೇಲಿ ಇನ್ಸ್‌ಪೆಕ್ಟರು ಮನೆಗೆ ಬಂದಿದ್ನಾ?"

ಬಂದಿದ್ದರು. ನಾನು ಬಾಗಿಲ ಹಿಂದೆ ನಿಂತು ಮಾತಾಡಿದ್ದೆ.

"ಅಂಗಡಿ ಯಾರದು ಅಂತ ಕೇಳ್ದಾಗ ಏನಂದೆ?"

"ನಮ್ದೇ ಅಂದೆ."

"ನಮ್ದೇ!" ಮೇಜಿನ ಮೇಲೆ ಕೈ ಬಡಿದರು. ಕಡಲೆಕಾಯಿ ಹಾರಿತು. "ಅವನು 'ನನ್ನದೇ ಎಂದು ಖುದ್ದಾಗಿ ಒಪ್ಪಿರುತ್ತಾಳೆ' ಅಂತ ಬರ್ಕೊಂಡವ್ನೆ, ನೋಡಿಲ್ಲಿ."

"ಗಂಡನದೇ ಆದರೂ ನಮ್ದೇ ಅಂತಲೇ ತಾನೇ ಎಲ್ಲರೂ ಅನ್ನೋದು?"

"ಅನ್ನೋದು ಹೌದು. ಬರ್ಕೊಳ್ಳೋದು ಬೇರೆ. ವ್ಯಾಪಾರ ಯಾರು ನೋಡ್ಕೋತಾರೆ ಅಂದ್ನಾ?"

"ಇವ್ರು ಅಂದೆ."

"ಇವ್ರು ಅಂದ್ರೆ ಯಾರು? ಎದುರಿಗೆ ನಿಂತಿದ್ದೋನು ಅವನೊಬ್ನೇ! ಇನ್ಸ್‌ಪೆಕ್ಟರೇ ನೂಲು ಮಾರ್ತಾನೆ ಅಂತ ಬರ್ಕೋಬೇಕಾಗಿತ್ತಾ?"

ನಗು ಬಂತು. ಎಷ್ಟೋ ದಿನವಾಗಿತ್ತು. ನಗುತ್ತಿರುವಾಗಲೇ ಅಳು ಬಂದುಬಿಟ್ಟಿತು. ಅವರು ಸಮಾಧಾನ ಮಾಡಲಿಲ್ಲ. ಮುಗಿಯುವವರೆಗೂ ಕಡಲೆಕಾಯಿ ಬಿಡಿಸುತ್ತಿದ್ದರು.

ಆಮೇಲೆ ಹೇಳಿದರು. ಆಕ್ಷೇಪಣೆಯನ್ನು ಅವರೇ ಬರೆದು ಸಲ್ಲಿಸುತ್ತಾರೆ. ಆಗ ಅಧಿಕಾರಿ ವಿಚಾರಣೆಗೆ ಕರೆಯುತ್ತಾರೆ. ಪ್ರಮಾಣ ಮಾಡಿಸಿ ನನ್ನನ್ನು ಕೇಳುತ್ತಾರೆ. ವ್ಯಾಪಾರ ಮಾಡಿದವರು, ನೂಲು ತಂದವರು, ಹಣ ಇಟ್ಟುಕೊಂಡವರು ಯಾರು ಎಂದು ನಾನು ಹೇಳಬೇಕು. ಅದು ದಾಖಲಾದರೆ ಬಾಕಿಯನ್ನು ಇವರ ಮೇಲೆ ತಿರುಗಿಸಲು ದಾರಿಯಿದೆ. ಮನೆ ಉಳಿಯುತ್ತದೆ.

"ಸಹಿ ನಿಂದು. ಅದನ್ನ ಇಲ್ಲ ಅನ್ಬೇಡ. ಸುಳ್ಳಿಗೆ ನಾನು ಗುರುವಾರಾನೂ ಬರಲ್ಲ. ಹೆಸರು ಮಾತ್ರ ಹೇಳ್ಬೇಕು."

"ಬರೆದು ಕೊಡುತ್ತೇನೆ."

"ಬರೆದದ್ದರ ಕೆಳಗೆ ನಿನ್ನ ಸಹಿ ಇರ್ತದೆ. ನೀನು ಏನಿಟ್ರೂ ಸಹಿ ಹಾಕ್ತೀಯ ಅಂತ ನಾವೇ ಅಲ್ಲಿ ಹೇಳೋಕೆ ಹೋಗ್ತಿರೋದು. ಆ ಸಹಿಗೆ ಏನು ಬೆಲೆ? ಬಾಯಿಂದ ಬರ್ಬೇಕು. ಎಲ್ಲಿ, ಈಗ ಹೇಳು ನೋಡೋಣ."

ಬಾಯಿ ತೆರೆದೆ. ನಾಲಗೆ ಏಳಲಿಲ್ಲ. ಮದುವೆಯ ದಿನ ಹುಡುಗಿಯರು ಹೊಸಿಲಿಗೆ ಅಡ್ಡ ನಿಂತು ಹೆಸರು ಹೇಳು ಹೇಳು ಎಂದು ಪೀಡಿಸಿದಾಗ ವೀಳ್ಯದೆಲೆ ಬಾಯಿಗೆ ಅಡ್ಡ ಇಟ್ಟುಕೊಂಡು ಒಂದೇ ಸಲ ಪಿಸುಗುಟ್ಟಿದ್ದೆ. ಅದೇ ಮೊದಲು, ಅದೇ ಕೊನೆ.

"ಕೇಳಿಸ್ಲಿಲ್ಲ" ಅಂದರು ಅನುಸೂಯಮ್ಮ.

"ನಾನು ಹೇಳಲೇ ಇಲ್ಲಮ್ಮ."

"ಗೊತ್ತು. ಮನೇಲಿ ರೂಢಿ ಮಾಡು. ರುಬ್ಬುಗುಂಡಿಗೆ ಹೇಳು, ಮಗೂಗೆ ಹೇಳು. ಯಾರೂ ಸಾಯಲ್ಲ."

24 ಸೆಪ್ಟೆಂಬರ್, ಸೋಮವಾರ

ಆಗುತ್ತಿಲ್ಲ.

ರುಬ್ಬುಗುಂಡಿನ ಮುಂದೆ ಮೊದಲ ಅಕ್ಷರದವರೆಗೆ ಬಂದೆ. ಹೊರಗೆ ಸೈಕಲ್ ಬೆಲ್ಲಾಯಿತು. ಇವರೇ ಸೈಕಲಿನಿಂದ ಬಿದ್ದರೇನೋ ಎಂದು ಓಡಿ ಹೋಗಿ ನೋಡಿದೆ. ತರಕಾರಿಯವನು.

ಇದನ್ನು ದಿಲ್ಶಾದ್‌ಗೆ ಹೇಳಿದರೆ ಎರಡೂ ಕಿವಿ ಮುಚ್ಚಿಕೊಂಡು ನಕ್ಕಳು. "ನಮ್ಮಲ್ಲೂ ಹೇಳಲ್ಲಕ್ಕಾ. ಮುನ್ನಾಕೇ ಅಬ್ಬಾ, ಅಂದ್ರೆ ಮುನ್ನಾನ ಅಪ್ಪ, ಅಂತೀವಿ. ಮುನ್ನಾ ಹುಟ್ಟೋಕ್ ಮುಂಚೆ ಬರೀ 'ಅಜೀ' ಅಂತಿದ್ದೆ. ಒಂದ್ಸಲ ಸಂತೇಲಿ ಅಜೀ ಅಂತ ಕೂಗಿದ್ರೆ ಬೀದಿ ಗಂಡಸರೆಲ್ಲಾ ತಿರುಗಿ ನೋಡಿದ್ರು!"

ಯೋಚಿಸಿದರೆ ಇವರೂ ನನ್ನ ಹೆಸರು ಹಿಡಿದು ಒಂದು ಸಲವೂ ಕರೆದಿಲ್ಲ. ಲೇ, ಇವಳೇ, ಕೇಳಿಸ್ತಾ. ನನ್ನ ಹೆಸರು ಇವರಿಗೆ ಬೇಕಾದದ್ದು ಕಾಗದದ ಮೇಲೆ ಮಾತ್ರ.

29 ಸೆಪ್ಟೆಂಬರ್, ಶನಿವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯದಿದ್ದರೂ ತಲೆಯೊಳಗೆ ಅದೇ ಓಡುತ್ತಿದೆ.

ಹಿಂದಿನ ಮನೆಯಲ್ಲಿ ಆರು ಪವರ್‌ಲೂಮುಗಳಿವೆ. ಓಡುವಾಗ ಗೋಡೆಯೇ ಅದುರುತ್ತದೆ, ಪಕ್ಕದಲ್ಲಿ ಕೂತವರ ಮಾತು ಕೇಳಿಸುವುದಿಲ್ಲ. ಆ ಸದ್ದಿನೊಳಗೆ ಹೇಳಿದರೆ ನನಗೂ ಕೇಳಿಸುವುದಿಲ್ಲ ಎಂದು ಮಧ್ಯಾಹ್ನ ಹಿತ್ತಲಿಗೆ ಹೋದೆ. ಬಟ್ಟೆ ಹಿಂಡುತ್ತ ಮೆಲ್ಲಗೆ ಹೇಳಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ. ಮತ್ತೊಂದು. ಧೈರ್ಯ ಬಂದುಬಿಟ್ಟಿತು. ಗಂಟಲು ತುಂಬ, ಇವರ ತಂದೆಯ ಹೆಸರೂ ಸೇರಿಸಿ, ಕೂಗಿದೆ.

ಸರಿಯಾಗಿ ಅದೇ ಗಳಿಗೆಗೆ ಕರೆಂಟು ಹೋಯಿತು.

ಆರೂ ಮಗ್ಗ ಒಟ್ಟಿಗೆ ನಿಂತವು. ಬೀದಿಯೇ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಇವರ ಹೆಸರು, ನನ್ನ ದನಿಯಲ್ಲಿ. ಮಗ್ಗದ ಮನೆಯ ಕಿಟಕಿಯಿಂದ ಯಾರೋ ಇಣುಕಿದರು. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ಒಳಗೆ ಓಡಿ ಬಾಗಿಲು ಹಾಕಿಕೊಂಡೆ.

ಸಂಜೆ ಇವರು ಬಂದರು. ಬಿಕ್ಕಳಿಸುತ್ತ ಬಂದರು. ಚೊಂಬು ನೀರು ಕುಡಿದರೂ ನಿಲ್ಲಲಿಲ್ಲ. "ಮಧ್ಯಾಹ್ನದಿಂದ... ನಿಂತೇ ಇಲ್ಲ. ಯಾರೋ... ನೆನೆಸ್ಕೋತವ್ರೆ" ಎಂದರು. ನನ್ನಿಂದಲೇ ಆಯಿತು, ಇನ್ನು ಉಸಿರೂ ನಿಲ್ಲುತ್ತದೆ ಅನ್ನಿಸಿತು. ಕಾಯುತ್ತ ನಿಂತೆ. ನಿಂತದ್ದು ಬಿಕ್ಕಳಿಕೆ.

ಮೆಲ್ಲಗೆ ಕೇಳಿದರು: "ನನ್ನ ಹೆಸರು ಹಿಡಿದು ಕೂಗಿದ್ಯಂತೆ. ಮಗ್ಗದೋರು ಹೇಳಿ ನಕ್ರು. ಯಾಕೆ? ಸಾಯ್ಲಿ ಅಂತಾನಾ?"

ಎಲ್ಲಿಂದ ಬಂತೋ ಗೊತ್ತಿಲ್ಲ. "ಶನಿವಾರ ಅಲ್ವಾ. ದೇವರನ್ನು ಕರೆದೆ" ಅಂದೆ.

"ಇಷ್ಟು ದಿನ ಬೆಟ್ಟದಪ್ಪ ಅಂತಿದ್ದೆ."

"ಬೆಟ್ಟದಪ್ಪ ಅಂದರೆ ಕೇಳಿಸ್ತಿಲ್ಲ ಅನ್ನಿಸ್ತು."

ಇವರು ನನ್ನನ್ನೇ ನೋಡುತ್ತಿದ್ದರು. ದೇವರ ಹೆಸರು ಹೇಳಬೇಡ ಎಂದು ಹೇಗೆ ಹೇಳುತ್ತಾರೆ? ಕೊನೆಗೆ, "ತಂದೆ ಹೆಸರೂ ಕೂಗಿದ್ಯಂತೆ. ದೇವರಿಗೆ ದೊಡ್ಡಮುನಿಯಪ್ಪ ಅಂತ ಅಪ್ಪ ಇದ್ನಾ?" ಅಂದರು.

ನಾಳೆಯಿಂದ ಮಗುವಿಗೆ ಹಾಲು ಅರ್ಧ ಸಾಕು ಎಂದು ಹೇಳಿ ಬೀರುವಿಗೆ ಬೀಗ ಹಾಕಿದರು.

4 ಅಕ್ಟೋಬರ್, ಗುರುವಾರ

ಅನುಸೂಯಮ್ಮ ಆಕ್ಷೇಪಣೆ ಬರೆದು ತಂದಿದ್ದರು. ಸಹಿ ಹಾಕುವ ಮೊದಲು ನಿಂತು ಪೂರ್ತಿ ಓದಿದೆ, ಎರಡು ಸಲ. ಒಂದು ಕಡೆ ವರ್ಷ ತಪ್ಪಾಗಿತ್ತು, ತೋರಿಸಿದೆ. "ಅಬ್ಬಾ, ಓದೋಕೆ ಬರ್ತದೆ ಇವಳಿಗೆ!" ಅಂದರು. ಇವರು ಹಾಲು ಅರ್ಧ ಮಾಡಿದ್ದಾರೆ, ದಿಲ್ಶಾದ್ ಕೊಟ್ಟದ್ದನ್ನು ಮಗುವಿಗೆ ಕುಡಿಸಿದೆ ಎಂದು ಇನ್ನೊಂದು ಮೂಲೆಯಲ್ಲಿ ಹೊಲಿಗೆಯವಳ ಹತ್ತಿರ ಪಿಸುಗುಟ್ಟಿದ್ದು ಅನುಸೂಯಮ್ಮನಿಗೆ ಕೇಳಿಸಿಬಿಟ್ಟಿತು. "ಹಾಲು ಯಾಕೆ ಕಮ್ಮಿ ಮಾಡ್ದ?" ಎಂದು ಅಲ್ಲಿಂದಲೇ ಕೇಳಿದರು. ಆಕೆಯ ಕಿವಿ ಯಾವಾಗ ಕೇಳುತ್ತದೆ, ಯಾವಾಗ ಇಲ್ಲ ಎಂಬುದು ಅರ್ಥವಾಗುವುದಿಲ್ಲ.

23 ಅಕ್ಟೋಬರ್, ಮಂಗಳವಾರ

ವಿಚಾರಣೆಗೆ ದಿನ ಗೊತ್ತಾಗಿದೆ. ಕರೆ ಇವರಿಗೂ ಬಂದಿದೆ. ನಾನು ಏನು ಮಾಡಿದ್ದೇನೆಂದು ಇವರಿಗೆ ಈಗ ಗೊತ್ತಾಯಿತು.

ಬೈಯಲಿಲ್ಲ. ಮಗುವನ್ನು ಎತ್ತಿ ಗಾಳಿಯಲ್ಲಿ ಹಾರಿಸಿ ಹಿಡಿದರು. ಅದು ಕೇಕೆ ಹಾಕಿತು. "ನಾನೂ ಬರ್ತೀನಿ. ಏನು ಹೇಳ್ತೀಯೋ ನನ್ನ ಮುಂದೇನೇ ಹೇಳು" ಎಂದು ಇನ್ನೊಮ್ಮೆ ಹಾರಿಸಿದರು. ಹಿಡಿಯುವವರೆಗೆ ನನಗೆ ಉಸಿರಿರಲಿಲ್ಲ.

4 ನವೆಂಬರ್, ಭಾನುವಾರ

ನಾಳೆ.

ದೀಪಾವಳಿ ಹಬ್ಬ ಹೇಗೆ ಕಳೆಯಿತೋ ನೆನಪಿಲ್ಲ. ಒಬ್ಬಳೇ ಇದ್ದಾಗ ಹೇಳಬಲ್ಲೆ, ಮಗುವಿನ ಮುಂದೆ ಹೇಳಬಲ್ಲೆ. ಇವರ ನೆರಳು ಬಿದ್ದರೆ ನಾಲಗೆ ಒಣಗುತ್ತದೆ. ಇವರಿಗೂ ಅದು ಗೊತ್ತು. ಅದಕ್ಕೇ ಇಷ್ಟು ಆರಾಮಾಗಿ ನಿದ್ದೆ ಮಾಡುತ್ತಿದ್ದಾರೆ. ಗೊರಕೆ ಕೇಳುತ್ತಿದೆ. ಹೇಳಿದ ಮೇಲೆ ಈ ಗೊರಕೆ ನಿಂತುಹೋದರೆ? ಮಗು ದೊಡ್ಡದಾಗಿ ಅಪ್ಪ ಯಾಕೆ ಸತ್ತ ಎಂದು ಕೇಳಿದರೆ?

ಹೇಳದಿದ್ದರೆ ನಂದಗುಡಿ.

5 ನವೆಂಬರ್, ಸೋಮವಾರ

ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ನಡೆದದ್ದು ನನಗೇ ನಿಜವೆನಿಸುವುದಿಲ್ಲ.

ದಿಲ್ಶಾದ್ ಮಗುವನ್ನೆತ್ತಿಕೊಂಡು ತೆರಿಗೆ ಆಫೀಸಿನ ಹೊರಗೆ ಹುಣಸೆ ಮರದ ಕೆಳಗೆ ಕೂತಳು. ಒಳಗೆ ಬೆಂಚಿನ ಒಂದು ತುದಿಗೆ ಇವರು, ಒಗೆದ ಅಂಗಿ, ಎಣ್ಣೆ ಹಚ್ಚಿದ ತಲೆ. ಇನ್ನೊಂದು ತುದಿಗೆ ನಾನು. ಅನುಸೂಯಮ್ಮ ಕುರ್ಚಿಯಲ್ಲಿ. ಅಧಿಕಾರಿ ಇನ್ನೂ ಚಿಕ್ಕ ವಯಸ್ಸಿನವರು. ಹೇಳಿಕೆ ಬರೆಯುವ ಹಾಳೆಯ ಮೇಲೆ ಅಚ್ಚಾಗಿದ್ದ 'ಮೈಸೂರು' ಎಂಬುದನ್ನು ಹೊಡೆದುಹಾಕಿ 'ಕರ್ನಾಟಕ' ಎಂದು ಬರೆಯುತ್ತಿದ್ದರು. "ಗುರುವಾರದಿಂದ ಇದೇ ಕೆಲಸ. ಹೊಸ ಹೆಸರು ಇನ್ನೂ ಕೈಗೆ ಬರ್ತಿಲ್ಲ" ಎಂದು ನಕ್ಕರು. ಯಾರೂ ನಗಲಿಲ್ಲ.

ಪ್ರಮಾಣ ಮಾಡಿಸಿದರು. ಸಹಿ ತೋರಿಸಿ ನಿಮ್ಮದೇನಾ ಎಂದರು.

"ನನ್ನದು."

"ನೂಲು ಎಲ್ಲಿಂದ ತರಿಸ್ತಿದ್ರಿ?"

"ನನಗೆ ಗೊತ್ತಿಲ್ಲ. ನಾನು ತರಿಸುತ್ತಿರಲಿಲ್ಲ."

"ಮತ್ತೆ ಯಾರು?"

"ಇವ್ರು."

ಬಾಯಿ ತಪ್ಪಿ ಬಂತು. ಅಧಿಕಾರಿ ಪೆನ್ನು ಎತ್ತಿದರು. "ಇವರು ಅಂದರೆ ಯಾರಮ್ಮ? ನಾನು ಇವರು ಅಂತ ಬರೆಯೋಕಾಗಲ್ಲ. ಹೆಸರು ಹೇಳಿ."

ಇವರು ಬೆಂಚಿನಿಂದ ಸ್ವಲ್ಪ ಮುಂದೆ ಬಾಗಿದರು. "ನಮ್ಮ ಕಡೆ ಹೆಣ್ಮಕ್ಕಳು ಹೇಳಲ್ಲ ಸಾರ್. ಸಂಪ್ರದಾಯಸ್ಥರು. ಅವಳಿಗೆ ತೊಂದ್ರೆ ಬೇಡ, ನಾನೇ ಬರೆಸ್ತೀನಿ. ವ್ಯಾಪಾರ ಅವಳದೇ. ನಾನು ಆಗಾಗ ಸಹಾಯ ಮಾಡ್ತಿದ್ದೆ, ಅಷ್ಟೇ."

ಎಷ್ಟು ಮೆತ್ತಗಿನ ದನಿ! ಹೊರಗಿನವರಿಗೆ ಕರುಣೆಯಂತೆ ಕೇಳಿಸುತ್ತದೆ. ಅಧಿಕಾರಿ ಅನುಸೂಯಮ್ಮನ ಕಡೆ ನೋಡಿದರು.

"ನನ್ನನ್ನ ನೋಡ್ಬೇಡಿ ಸಾರ್. ಪ್ರಮಾಣ ಮಾಡಿರೋಳು ಅವಳು."

ಫ್ಯಾನು ತಿರುಗುತ್ತಿತ್ತು. ಇವರು ನನ್ನ ಕಡೆ ತಿರುಗಿ ನಕ್ಕರು. ಸಕ್ಕರೆಯ ಮೇಲೆ ಗೆರೆ ಎಳೆದು ಡಬ್ಬಿ ಮುಚ್ಚುವಾಗ ಇರುತ್ತದಲ್ಲ, ಅದೇ ನಗು. ಕಣ್ಣು ಮುಚ್ಚಿಕೊಂಡೆ. ಮಗ್ಗ ಓಡುತ್ತಿವೆ, ಆರೂ ಮಗ್ಗ ಓಡುತ್ತಿವೆ, ಏನೂ ಕೇಳಿಸುವುದಿಲ್ಲ ಎಂದುಕೊಂಡೆ.

ಹೇಳಿದೆ.

"ಕೇಳಿಸ್ಲಿಲ್ಲ" ಅಂದರು ಅನುಸೂಯಮ್ಮ.

ಅಧಿಕಾರಿಗೆ ಕೇಳಿಸಿತ್ತು, ಅವರ ಪೆನ್ನು ಆಗಲೇ ಓಡುತ್ತಿತ್ತು. ಆದರೂ ನಾನು ಎದ್ದು ನಿಂತು ಇನ್ನೊಮ್ಮೆ ಹೇಳಿದೆ. ನಂದಗುಡಿ ದೊಡ್ಡಮುನಿಯಪ್ಪನವರ ಮಗ ಎಂದು ಸೇರಿಸಿ, ಇಂಥವರು, ಎಂದು ಹೇಳಿದೆ. ಅಂಗಡಿಯ ಕೀಲಿ ಅವರದು, ನೂಲು ತಂದವರು ಅವರು, ಹಣ ಅವರ ಕೈಯಲ್ಲಿ, ನಾನು ಸಹಿ ಮಾತ್ರ ಹಾಕಿದ್ದೇನೆ, ಓದದೆ ಹಾಕಿದ್ದು ನನ್ನ ತಪ್ಪು. ದನಿ ಎಷ್ಟು ಜೋರಾಗಿತ್ತೆಂದರೆ ಹೊರಗೆ ಮಗು ಬೆಚ್ಚಿಬಿದ್ದು ಅತ್ತಿತು.

ಇವರ ಮುಖದ ಮೇಲೆ ನಗು ಹಾಗೆಯೇ ಇತ್ತು, ಮೊಳೆ ಹೊಡೆದು ನೇತುಹಾಕಿದ ಹಾಗೆ. ಹೋಗುವಾಗ ನನ್ನನ್ನು ನೋಡಲಿಲ್ಲ.

ಆ ಹೆಸರನ್ನು ಇಲ್ಲಿ ಬರೆಯಬಹುದಲ್ಲ ಎಂದು ಪೆನ್ನು ಹಿಡಿದು ಕೂತಿದ್ದೇನೆ. ಹೇಳಿಯಾಯಿತು, ಬರೆಯಲಾರೆ.

6 ನವೆಂಬರ್, ಮಂಗಳವಾರ

ಬದುಕಿದ್ದಾರೆ. ಬೆಳಿಗ್ಗೆ ಕಾಫಿ ಕುಡಿದರು. ಮಾತಿಲ್ಲ.

9 ನವೆಂಬರ್, ಶುಕ್ರವಾರ

ನಂದಗುಡಿಗೆ ಹೊರಟುಹೋದರು. "ಮಗೂನ ಕರ್ಕೊಂಡು ಹೋಗ್ತೀನಿ" ಎಂದು ತೊಟ್ಟಿಲಿಗೆ ಬಗ್ಗಿದರು. ತೊಟ್ಟಿಲು ಖಾಲಿ ಇತ್ತು. ಮಗು ಬೆಳಿಗ್ಗೆಯೇ ದಿಲ್ಶಾದ್ ಮನೆ ಸೇರಿತ್ತು. ದಿಲ್ಶಾದ್ ತನ್ನ ಬಾಗಿಲಲ್ಲಿ ರಾಟೆ ಹಾಕಿಕೊಂಡು ಅಡ್ಡ ಕೂತಿದ್ದಳು. ಇವರು ಆ ಕಡೆ ನೋಡಿದರು, ಈ ಕಡೆ ನೋಡಿದರು. ಕೀಲಿಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು.

ಮಧ್ಯಾಹ್ನದ ಹೊತ್ತಿಗೆ ಅಡುಗೆಗೆ ಏನೂ ಇರಲಿಲ್ಲ. ಒನಕೆ ತಂದು ಬೀರುವಿನ ಬೀಗ ಒಡೆದೆ. ಮೂರನೇ ಏಟಿಗೆ ಬಿತ್ತು. ಸಕ್ಕರೆಯ ಮೇಲೆ ಗೆರೆ ಹಾಗೆಯೇ ಇತ್ತು. ಅದರ ನಡುವೆಯೇ ಚಮಚ ಹಾಕಿದೆ. ಆಮೇಲೆ ಬಹಳ ಹೊತ್ತು ಬಾಗಿಲ ಕಡೆ ನೋಡುತ್ತ ಕೂತಿದ್ದೆ, ಯಾರದೋ ಮನೆಗೆ ಕನ್ನ ಹಾಕಿದವಳ ಹಾಗೆ.

29 ನವೆಂಬರ್, ಗುರುವಾರ

ಆದೇಶ ಬಂತು. ಮನೆಯ ಜಪ್ತಿ ರದ್ದು. ತೆರಿಗೆ ನಿಜವಾದ ವ್ಯಾಪಾರಿಯಿಂದ ವಸೂಲಾಗಬೇಕಂತೆ. ಓದದೆ ಸಹಿ ಹಾಕಿದ್ದಕ್ಕೆ ನನಗೂ ಒಂದು ಸಣ್ಣ ದಂಡ. ಅನುಸೂಯಮ್ಮ ಅದರ ವಿರುದ್ಧ ಮೇಲ್ಮನವಿ ಹಾಕೋಣ ಎಂದರು. ಬೇಡ, ಕಟ್ಟುತ್ತೇನೆ ಎಂದೆ. ಹೈಸ್ಕೂಲಿಗೆ ಹೋಗಿ ಹೆಡ್ಮಾಸ್ಟರನ್ನು ಕಂಡು ಬಂದೆ. ಜನವರಿಯಿಂದ ಬನ್ನಿ ಎಂದಿದ್ದಾರೆ.

ಈಗಲೂ ಸಂಜೆಯಾದರೆ ಸೈಕಲ್ ಬೆಲ್ಲಿಗೆ ಎದ್ದು ಹೋಗಿ ಅಗುಳಿ ನೋಡುತ್ತೇನೆ. ಎಲ್ಲ ಮುಗಿಯಿತು ಅನ್ನಿಸುವುದೇ ಇಲ್ಲ.

8 ಡಿಸೆಂಬರ್, ಶನಿವಾರ

ವೆಂಕಟರಮಣಪ್ಪ ಬಂದಿದ್ದರು.

ನಾನು ಮಗುವಿನ ಹಾಲು ಒಲೆಯ ಮೇಲಿಟ್ಟಿದ್ದೆ. ಹಗಲಿನಲ್ಲೂ ಅಗುಳಿ ಹಾಕಿಕೊಂಡೇ ಇರುತ್ತೇನೆ, ಹೆದರಿಕೆ. ಬಾಗಿಲು ಬಡಿದ ಸದ್ದಾಯಿತು. ಆಮೇಲೆ ಕರೆದರು. ಲೇ ಅನ್ನಲಿಲ್ಲ. "ಮುತ್ಯಾಲಮ್ಮಾ" ಎಂದರು. ನನ್ನ ಹೆಸರು ಆ ದನಿಯಲ್ಲಿ ಯಾರದೋ ಹೆಸರಿನ ಹಾಗೆ ಕೇಳಿಸಿತು. ಹಿಂದಿನ ಮನೆಯಲ್ಲಿ ಮಗ್ಗ ಓಡುತ್ತಿದ್ದವು, ಯಾರೆಂದು ಖಚಿತವಾಗಲಿಲ್ಲ, ಅದಕ್ಕೇ ಕೇಳಿದ್ದು.

"ಯಾರು?"

"ನಾನು ಕಣೇ. ಬಾಗ್ಲು ತೆಗಿ. ಒಂದು ಸಹಿ ಬೇಕಿತ್ತು."

"ನಾನು ಅಂದ್ರೆ ಯಾರು? ಹೆಸರು ಹೇಳಿ."

ಮಗು ಅಗುಳಿಯ ಕೆಳಗೆ ಬಾಗಿಲು ಹಿಡಿದುಕೊಂಡು ನಿಂತಿತ್ತು. ಈ ವಾರ ತಾನೇ ನಿಲ್ಲಲು ಕಲಿತಿದೆ.

ಆಮೇಲೆ, ಮೆಲ್ಲಗೆ, ಅವರ ಹೆಸರನ್ನು ಅವರೇ ಹೇಳಿದರು.

"ಕೇಳಿಸ್ಲಿಲ್ಲ" ಅಂದೆ. ಹಾಲು ಉಕ್ಕುತ್ತಿತ್ತು, ಇಳಿಸಲು ಒಳಗೆ ಹೋದೆ.